1969ರ ಗಿಟಾರ್ ಬೇಡವೆನ್ನುವವರಿಗೆ

ಲ್ಯಾರಿ ಕಾರ್ಲ್‌ಟನ್ ತಮ್ಮ ಗಿಬ್ಸನ್ ಇಎಸ್-335 ಕೊಂಡದ್ದು 1969ರಲ್ಲಿ. ಆಗ ಅವರಿಗೆ ಇಪ್ಪತ್ತೊಂದರ ಆಸುಪಾಸು. ಅದೇ ಗಿಟಾರನ್ನು ಹೆಗಲಿಗೇರಿಸಿಕೊಂಡು ಲಾಸ್ ಏಂಜಲಿಸ್‌ನ ಸ್ಟುಡಿಯೊದಿಂದ ಸ್ಟುಡಿಯೊಗೆ ತಿರುಗಿದರು, ಊರಿಗೆಲ್ಲ ನುಡಿಸಿಕೊಟ್ಟರು. ಕೊನೆಗೆ 'ಮಿಸ್ಟರ್ 335' ಎಂಬ ಹೆಸರೇ ಅವರಿಗೆ ಅಂಟಿಕೊಂಡಿತು. ಈಗ ಹಳೆಯ ಗಿಟಾರುಗಳನ್ನು ಸಂಗ್ರಹಿಸುವವರ ಹತ್ತಿರ ಹೋಗಿ 1969ರ 335 ಹೇಗೆ ಎಂದು ಕೇಳಿದರೆ ಮುಖ ಸಿಂಡರಿಸುತ್ತಾರೆ. ಅವರ ಲೆಕ್ಕದಲ್ಲಿ ಒಳ್ಳೆಯ ಕಾಲ 1958ರಲ್ಲಿ ಶುರುವಾಗಿ 1964ಕ್ಕೆ ಮುಗಿದಿದೆ. ಆಮೇಲಿನದೆಲ್ಲ ಇಳಿಗಾಲ.

335ರಂಥ ಸೆಮಿ ಹಾಲೋ, ಅಂದರೆ ಅರೆಟೊಳ್ಳು ಗಿಟಾರ್ ಸೆಕೆಂಡ್ ಹ್ಯಾಂಡ್ ಆಗಿ ಸಿಕ್ಕಿದೆ, ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಮುಂದೂಡುವಂತಿಲ್ಲ, ಏಕೆಂದರೆ ಮಾರುವವರು ಕಾಯುವುದಿಲ್ಲ. ಹಾಗೆ ಕೇಳುವ ಹತ್ತು ಜನರಲ್ಲಿ ಎಂಟು ಜನ ಮೊದಲು ಹೇಳುವುದು ಗಿಟಾರ್ ತಯಾರಾದ ವರ್ಷವನ್ನು. ನೆಕ್ ಹೇಗಿದೆ ಎಂಬ ಮಾತು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಈ ಅಂಕಣದ ತಕರಾರು ಇರುವುದು ಅಲ್ಲಿ.

ವರ್ಷದ ಮೋಹಕ್ಕೆ ಕಾರಣ ಇಲ್ಲದಿಲ್ಲ. ಮಿಷಿಗನ್ ರಾಜ್ಯದ ಕಲಮಜೂ ಊರಿನ ಕಾರ್ಖಾನೆಯಲ್ಲಿ ಟೆಡ್ ಮೆಕಾರ್ಟಿ ಅಧ್ಯಕ್ಷರಾಗಿದ್ದಾಗ, 1958ರಲ್ಲಿ, ಗಿಬ್ಸನ್ ಈ ಮಾದರಿಯನ್ನು ಹೊರತಂದಿತು. ಆಗಿನ ಬೆಲೆ ಸುಮಾರು 267 ಡಾಲರ್. ಅದು ಬಿಡಿಸಿದ ತೊಡಕು ಹಳೆಯದು. ಪೂರ್ತಿ ಟೊಳ್ಳಾದ ಗಿಟಾರಿಗೆ ಪಿಕಪ್ ಕೂರಿಸಿ ಆಂಪ್‌ನ ವಾಲ್ಯೂಮ್ ಏರಿಸಿದರೆ ಸ್ಪೀಕರಿನ ಸದ್ದಿಗೆ ಮೇಲ್ಹಲಗೆ ಅದುರುತ್ತದೆ. ಆ ಅದುರನ್ನು ಪಿಕಪ್ ಮತ್ತೆ ಹಿಡಿಯುತ್ತದೆ, ಆಂಪ್ ಮತ್ತೆ ದೊಡ್ಡದು ಮಾಡುತ್ತದೆ, ಕೊನೆಗೆ ಊಳಿಡುತ್ತದೆ. ಗಟ್ಟಿ ಮರದ ಗಿಟಾರಿನಲ್ಲಿ ಈ ಕಾಟ ಕಡಿಮೆ, ಆದರೆ ಟೊಳ್ಳಿನ ಆ ಉಸಿರೂ ಕಡಿಮೆ. ಮೆಕಾರ್ಟಿಯವರ ತಂಡ ತೆಳುವಾದ ಟೊಳ್ಳು ಮೈಯ ನಡುವೆ, ಕುತ್ತಿಗೆಯಿಂದ ಬುಡದವರೆಗೆ, ಮೇಪಲ್ ಮರದ ಒಂದು ದಿಮ್ಮಿಯನ್ನು ಕೂರಿಸಿತು. ಕಮಾನಿನಂತೆ ಉಬ್ಬಿದ ಹಲಗೆಗೂ ಚಪ್ಪಟೆ ದಿಮ್ಮಿಗೂ ನಡುವೆ ಉಳಿಯುವ ಸಂದಿಗೆ ಸ್ಪ್ರೂಸ್ ಪಟ್ಟಿಗಳನ್ನು ತುಂಬಿತು. ತಂತಿ, ಬ್ರಿಡ್ಜ್, ಪಿಕಪ್ ಎಲ್ಲವೂ ಆ ಗಟ್ಟಿ ನಡುವಿನ ಮೇಲೆ. ಎಡಬಲದ ರೆಕ್ಕೆಗಳು ಮಾತ್ರ ಟೊಳ್ಳು, ಅವಕ್ಕೆ ಒಂದೊಂದು ಎಫ್ ಹೋಲ್.

ಇದರ ಮೂಲ ಇನ್ನೂ ಹಿಂದಿನದು. 1940ರ ಸುಮಾರಿಗೆ ಗಿಟಾರ್ ವಾದಕ ಲೆಸ್ ಪಾಲ್ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ರಜಾದಿನಗಳಲ್ಲಿ ಕೂತು, ನಾಲ್ಕಿಂಚು ಚೌಕದ ಪೈನ್ ಮರದ ತೊಲೆಗೆ ನೆಕ್ ಜೋಡಿಸಿ, ನೋಡುವವರಿಗೆ ಗಿಟಾರ್ ಅನಿಸಲಿ ಎಂದು ಒಂದು ಟೊಳ್ಳು ಗಿಟಾರಿನ ಎರಡು ಪಕ್ಕಗಳನ್ನು ಅಂಟಿಸಿದ್ದರು. ಅದಕ್ಕೆ ಅವರಿಟ್ಟ ಹೆಸರೇ 'ಲಾಗ್', ಅಂದರೆ ದಿಮ್ಮಿ.

ಹಾಗಾದರೆ 335ರ ಮೈ ಯಾವ ಮರದ್ದು? ಉತ್ತರ ಕೇಳಿ ಅನೇಕರಿಗೆ ಆಘಾತವಾಗುತ್ತದೆ: ಪ್ಲೈವುಡ್. ಮೇಪಲ್ ಪದರ, ಅದರ ಕೆಳಗೆ ಪಾಪ್ಲರ್, ಮತ್ತೆ ಮೇಪಲ್, ಮೂರನ್ನೂ ಅಂಟು ಹಾಕಿ ಒತ್ತಿ ಕಮಾನು ಬರಿಸಿದ್ದು. 1958ರ ಗಿಟಾರೂ ಹಾಗೆಯೇ, ಇಂದಿನದೂ ಹಾಗೆಯೇ. ನೂರು ವರ್ಷ ಒಣಗಿದ ಒಂದೇ ಹಲಗೆಯಿಂದ ಮಾತ್ರ ನಾದ ಹುಟ್ಟುತ್ತದೆ ಎನ್ನುವ ಪಂಥ ಒಂದಿದೆ. ಆ ಪಂಥದವರು ಕೂಡ ಲಕ್ಷಗಟ್ಟಲೆ ಸುರಿದು ಕೊಳ್ಳುವ ಗಿಟಾರುಗಳಲ್ಲಿ ಈ ಪ್ಲೈವುಡ್ ಗಿಟಾರೂ ಒಂದು. ಅಕೂಸ್ಟಿಕ್ ಗಿಟಾರಿನ ಮಾತು ಬೇರೆ. ಅಲ್ಲಿ ಮೇಲ್ಹಲಗೆಯೇ ಸ್ಪೀಕರ್, ಅಲ್ಲಿ ಒಂದೇ ತುಂಡಿನ ಸ್ಪ್ರೂಸಿಗೆ ನಿಜವಾದ ಬೆಲೆಯಿದೆ. ಇಲ್ಲಿ ಹಲಗೆ ಹೆಚ್ಚು ಅದುರಬಾರದು ಎಂಬುದೇ ಉದ್ದೇಶ. ಎಳೆಗಳು ಅಡ್ಡಡ್ಡ ಕೂತಿರುವ ಪದರಗಳು ಹವೆಯ ಏರಿಳಿತಕ್ಕೂ ಜಗ್ಗುವುದು ಕಡಿಮೆ, ಬಿರುಕು ಓಡುವುದೂ ಕಡಿಮೆ. ಮಂಗಳೂರಿನ ಜುಲೈಯನ್ನೂ ಕಲಬುರಗಿಯ ಮೇ ತಿಂಗಳನ್ನೂ ಒಂದೇ ಗಿಟಾರ್ ಕಾಣಬೇಕಾದ ನಾಡಿನಲ್ಲಿ ಇದು ಸಣ್ಣ ಗುಣವಲ್ಲ.

ಸಂಗ್ರಾಹಕರ ಪಟ್ಟಿಯಲ್ಲಿ 1965 ಯಾಕೆ ಗಡಿಯಾಯಿತು ಎಂಬುದಕ್ಕೂ ಲೆಕ್ಕವಿದೆ. ಆ ಹೊತ್ತಿಗೆ, ದಿಮ್ಮಿಗೆ ಬಿಗಿದು ಕೂರಿಸುತ್ತಿದ್ದ ಸ್ಟಾಪ್ ಟೇಲ್‌ಪೀಸ್ ಹೋಗಿ ಬುಡದಿಂದ ನೇತಾಡುವ ಟ್ರೆಪೀಜ್ ಬಂತು. ನಟ್‌ನ ಅಗಲ 43 ಮಿಲಿಮೀಟರಿನಿಂದ 40ಕ್ಕೂ ಕೊಂಚ ಕೆಳಗಿಳಿಯಿತು. ಸೆತ್ ಲವರ್ ರೂಪಿಸಿದ ಮೊದಮೊದಲ ಹಂಬಕರ್ ಪಿಕಪ್‌ಗಳು, ತಳದಲ್ಲಿ ಪೇಟೆಂಟ್ ಅರ್ಜಿಯ ಚೀಟಿ ಅಂಟಿದವು, ಅಷ್ಟರಲ್ಲಾಗಲೇ ಮುಗಿದಿದ್ದವು. 70ರ ದಶಕ ಬರುವಷ್ಟರಲ್ಲಿ ನೆಕ್ ಒಂದೇ ತುಂಡಿನ ಬದಲು ಮೂರು ತುಂಡಿನದಾಯಿತು, ಹೆಡ್‌ಸ್ಟಾಕ್ ಹಿಂದೆ ಗಂಟಿನಂಥ ವಾಲ್ಯೂಟ್ ಎದ್ದಿತು. ಆ ದಶಕದ ಕೆಲವು ವರ್ಷ ನಡುದಿಮ್ಮಿಯನ್ನೇ ಬುಡದ ಕಡೆ ಮೊಟಕು ಮಾಡಿದ್ದೂ ಉಂಟು.

ಇವುಗಳಲ್ಲಿ ಯಾವುದು ಕಿವಿಗೆ ಸಂಬಂಧಿಸಿದ್ದು, ಯಾವುದು ಪೆಟ್ಟಿಗೆಗೆ? ನಟ್ ಅಗಲ ಬೆರಳಿಗೆ ಸಂಬಂಧಿಸಿದ್ದು. ದಪ್ಪ ಬೆರಳಿನವರಿಗೆ ಕಿರಿದಾದ ನೆಕ್ ಮೇಲೆ ತೆರೆದ ಕಾರ್ಡ್ ಹಿಡಿಯುವುದು ಕಷ್ಟ, ಸಣ್ಣ ಕೈಯವರಿಗೆ ಅದೇ ಸುಖ. ಮೂರು ತುಂಡಿನ ನೆಕ್ಕೂ ವಾಲ್ಯೂಟೂ ಗಿಬ್ಸನ್‌ಗಳ ಹಳೆಯ ರೋಗವಾದ ಹೆಡ್‌ಸ್ಟಾಕ್ ಮುರಿತಕ್ಕೆ ಮಾಡಿದ ಮದ್ದು. ಸಂಗ್ರಾಹಕರು ಅವನ್ನು ದೋಷವೆಂದು ಬರೆದಿಟ್ಟರು. ನುಡಿಸುವವರಿಗೆ ಅವು ಬಲ. ಟ್ರೆಪೀಜ್ ಬೇಡವಾದರೆ ತೆಗೆಸಬಹುದು. ಕಾರ್ಲ್‌ಟನ್ ತಮ್ಮದರಲ್ಲಿ ಅದನ್ನು ತೆಗೆಸಿ ಸ್ಟಾಪ್ ಟೇಲ್‌ಪೀಸ್ ಹಾಕಿಸಿಕೊಂಡರು. ಆದರೆ ಮೊಟಕು ದಿಮ್ಮಿಯ ಗಿಟಾರಿಗೆ ಈ ಕೆಲಸ ಮಾಡಿಸಲು ಹೋಗಬಾರದು. ಸ್ಕ್ರೂ ಹಿಡಿಯಲು ಅಲ್ಲಿ ಮರವೇ ಇರುವುದಿಲ್ಲ.

1976ರಲ್ಲಿ ಸ್ಟೀಲಿ ಡ್ಯಾನ್ ತಂಡದ 'ದ ರಾಯಲ್ ಸ್ಕ್ಯಾಮ್' ಆಲ್ಬಮ್ ಬಂತು. ಅದರ ಮೊದಲ ಹಾಡು, ಕಾರ್ಲ್‌ಟನ್ ಗಿಟಾರ್ ನುಡಿಸಿದ 'ಕಿಡ್ ಶಾರ್ಲಮೇನ್'. ಸೆಮಿ ಹಾಲೋ ಕೊಳ್ಳುವ ಮುನ್ನ ಇದನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಮೂರು ಸಲ ಕೇಳಬೇಕು, ಮೂರು ಸಲವೂ ಬೇರೆ ಬೇರೆ ಕಡೆ ಗಮನ ಇಟ್ಟು. ತಂಡದ ಡಾನಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್ ಸ್ವರ ಸ್ವರಕ್ಕೂ ಪಟ್ಟು ಹಿಡಿಯುತ್ತಿದ್ದವರು. ಕಾರ್ಲ್‌ಟನ್ ಸುಮಾರು ಎರಡು ಗಂಟೆಯಷ್ಟು ನುಡಿಸಿದ ಸೋಲೋಗಳನ್ನೆಲ್ಲ ಬದಿಗಿಟ್ಟ ಮೇಲೆ ಈಗ ಕೇಳುವ ಸೋಲೋದ ಮೊದಲರ್ಧ ಒಪ್ಪಿಗೆಯಾಯಿತು. ಎರಡನೆಯ ಅರ್ಧವನ್ನು ಅಲ್ಲಿಂದ ಮುಂದಕ್ಕೆ ಬೇರೆಯಾಗಿ ನುಡಿಸಿ ಸೇರಿಸಿದರು. ಕೊನೆಯಲ್ಲಿ ಹಾಡು ಮಸುಕಾಗುತ್ತಾ ಹೋಗುವಾಗ ಕೇಳುವ ಗಿಟಾರ್ ಮಾತ್ರ ಒಂದೇ ಉಸಿರಿನದು.

ಮೊದಲ ಸಲ ಸ್ವರದ ಆರಂಭವನ್ನಷ್ಟೇ ಕೇಳಬೇಕು. ಪಿಕ್ ತಾಗಿದ ಕ್ಷಣದಲ್ಲಿ ಒಂದು ಮೆದು ಅಂಚಿದೆ. ಗಟ್ಟಿ ಮರದ ಟೆಲಿಕಾಸ್ಟರಿನ ಚಟ್ಟನೆ ಸಿಡಿಯುವ ಅಂಚು ಅದಲ್ಲ. ಎರಡನೆಯ ಸಲ ಸ್ವರದ ಬಾಲವನ್ನು ಕೇಳಬೇಕು. ಬೆಂಡ್ ಮಾಡಿ ನಿಲ್ಲಿಸಿದ ಸ್ವರ ಬಾಡುವುದಿಲ್ಲ, ಹಿಡಿದಲ್ಲೇ ತುಂಬಿಕೊಂಡು ನಿಲ್ಲುತ್ತದೆ. ಅದು ದಿಮ್ಮಿಯ ಕೊಡುಗೆ. ಮೂರನೆಯ ಸಲ ಒಂದು ಪದಗುಚ್ಛಕ್ಕೂ ಇನ್ನೊಂದಕ್ಕೂ ನಡುವಿನ ಖಾಲಿ ಜಾಗವನ್ನು ಕೇಳಬೇಕು. ಕಾರ್ಡ್‌ಗಳು ಜಾಝಿನ ದಾರಿಯಲ್ಲಿ ಒಂದರ ಹಿಂದೊಂದು ತಿರುಗುತ್ತಿರುತ್ತವೆ, ಗಿಟಾರ್ ಬ್ಲೂಸ್‌ನ ನಾಲಿಗೆಯಲ್ಲಿ ಅವಕ್ಕೆ ಉತ್ತರ ಕೊಡುತ್ತಿರುತ್ತದೆ. ಜಾಝಿನ ಮೆದುವೂ ರಾಕ್‌ನ ಉರಿಯೂ ಒಂದೇ ವಾದ್ಯದಿಂದ, ಒಂದೇ ನಾಬ್ ತಿರುಗಿಸಿ ಬರಬೇಕಿದ್ದ ಕಡೆ 335 ಬಂದು ಕೂತದ್ದು ಈ ಕಾರಣಕ್ಕೆ. 1978ರ ತಮ್ಮ ಹೆಸರಿನ ಆಲ್ಬಮ್ಮಿನ ಮೊದಲ ತುಣುಕಿಗೆ ಕಾರ್ಲ್‌ಟನ್ 'ರೂಮ್ 335' ಎಂದೇ ಹೆಸರಿಟ್ಟರು. ಅವರ ಮನೆಯ ಸ್ಟುಡಿಯೊಗೂ ಅದೇ ಹೆಸರು. ಈ ಎಲ್ಲ ಸದ್ದು ಹೊರಟದ್ದು ಪಟ್ಟಿಯವರು ಬೇಡವೆನ್ನುವ ವರ್ಷದ ಗಿಟಾರಿನಿಂದ. ಪಟ್ಟಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಹೆಸರಿನ ಮೋಹಕ್ಕೂ ಒಂದು ಉತ್ತರ ಇದೆ. ಜಾನ್ ಸ್ಕೋಫೀಲ್ಡ್, ಮೈಲ್ಸ್ ಡೇವಿಸ್ ತಂಡದಲ್ಲಿ ನುಡಿಸಿದವರು, ದಶಕಗಳಿಂದ ಹಿಡಿದಿರುವುದು 1981ರ ಐಬನೆಝ್ ಎಎಸ್-200. ಜಪಾನಿನಲ್ಲಿ ಮಾಡಿದ ಗಿಟಾರ್. ಯಮಾಹಾದ ಎಸ್‌ಎ ಸರಣಿಯೂ ಜಪಾನಿನ ಒಳ್ಳೆಯ ಕೆಲಸ. ಕಲಮಜೂ ಕಾರ್ಖಾನೆಯನ್ನು ಗಿಬ್ಸನ್ 1984ರಲ್ಲಿ ಮುಚ್ಚಿದಾಗ ಅಲ್ಲಿನ ಕೆಲವು ಹಳೆಯ ಕೆಲಸಗಾರರು ಅದೇ ಕಟ್ಟಡದಲ್ಲಿ ಮರುವರ್ಷ ಹೆರಿಟೇಜ್ ಕಂಪನಿ ಕಟ್ಟಿದರು. ಅವರ ಎಚ್-535 ಅದೇ ಮನೆತನದ ಗಿಟಾರ್. ಎಪಿಫೋನ್ ಡಾಟ್ ಬೆಲೆಯಲ್ಲಿ ಇವೆಲ್ಲಕ್ಕಿಂತ ಕೆಳಗೆ, ಕಲಿಯುವವರ ಕೈಗೆ ಎಟುಕುವಂಥದ್ದು. ಎಪಿಫೋನ್ ಕಸಿನೋ ಸಿಕ್ಕಿದರೆ ಮಾತ್ರ ಎರಡು ಸಲ ಯೋಚಿಸಬೇಕು. ನೋಡಲು 335ರ ತಮ್ಮನಂತಿದ್ದರೂ ಅದರೊಳಗೆ ದಿಮ್ಮಿ ಇಲ್ಲ. ಅದು ಪೂರ್ತಿ ಟೊಳ್ಳು. 1969ರ ಜನವರಿಯಲ್ಲಿ ಬೀಟಲ್ಸ್ ಲಂಡನ್ನಿನ ಮಾಳಿಗೆಯ ಮೇಲೆ ನುಡಿಸಿದಾಗ ಜಾನ್ ಲೆನನ್ ಕೈಯಲ್ಲಿದ್ದದ್ದು ಬಣ್ಣ ಉಜ್ಜಿ ತೆಗೆದ ಕಸಿನೋ. ಆ ಒರಟು, ಒಣ ಸದ್ದು ಬೇಕೆನ್ನುವವರಿಗೆ ಅದೇ ಸರಿ. ಕಾರ್ಲ್‌ಟನ್ನರ ಬಾಲವುಳ್ಳ ಸ್ವರ ಬೇಕೆಂದು ಕಸಿನೋ ಕೊಂಡವರು ನಿರಾಶರಾಗುತ್ತಾರೆ.

ಈಗ ಕೈಯಲ್ಲಿರುವ ಗಿಟಾರ್. ಮೊದಲು ಆಂಪ್‌ಗೆ ಚುಚ್ಚಬಾರದು. ಬುಡವನ್ನು ಕಣ್ಣಿನ ಬಳಿ ಹಿಡಿದು ಫ್ರೆಟ್‌ಬೋರ್ಡಿನ ಉದ್ದಕ್ಕೂ ನೋಟ ಹಾಯಿಸಬೇಕು. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯದರಲ್ಲೂ ಒತ್ತಿ ಹಿಡಿದರೆ ಏಳೆಂಟನೆಯ ಫ್ರೆಟ್ ಬಳಿ ಕೂದಲೆಳೆಯಷ್ಟು ಸಂದಿ ಉಳಿಯಬೇಕು. ಕೊಂಚ ಹೆಚ್ಚುಕಡಿಮೆಯಾಗಿದ್ದರೆ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು. ಆದರೆ ರಾಡ್ ಇನ್ನೂ ತಿರುಗುತ್ತದೆಯೇ ಎಂದು ಪರೀಕ್ಷಿಸಿಯೇ ನಂಬಬೇಕು. ತಿರುಪು ಕೊನೆ ಮುಟ್ಟಿದ್ದರೂ ನೆಕ್ ಬಾಗಿಯೇ ಇದ್ದರೆ, ಅಥವಾ ತಿರುಚಿಕೊಂಡಿದ್ದರೆ, ಅಲ್ಲಿಗೆ ಮಾತು ಮುಗಿಯಿತು. ಎಷ್ಟೇ ಕಡಿಮೆ ಬೆಲೆಯಾದರೂ ಅದು ದುಬಾರಿ.

ಹೆಡ್‌ಸ್ಟಾಕಿನ ಮುರಿತ ಬೇರೆ ಕತೆ. ಗಿಬ್ಸನ್‌ನ ಹೆಡ್‌ಸ್ಟಾಕ್ ಸಾಮಾನ್ಯವಾಗಿ 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುತ್ತದೆ. ಅದೇ ಜಾಗದಲ್ಲಿ ಟ್ರಸ್ ರಾಡಿಗಾಗಿ ಮರವನ್ನು ಕೊರೆದಿರುತ್ತಾರೆ. ಸ್ಟ್ಯಾಂಡಿನಿಂದ ಹಿಂದಕ್ಕೆ ಬಿದ್ದರೆ ಮಹೋಗನಿ ಅಲ್ಲಿಯೇ ಸೀಳುತ್ತದೆ. ಮುರಿದು ರಿಪೇರಿಯಾದ ಗಿಟಾರಿಗೆ ಪೇಟೆಯಲ್ಲಿ ಹೆಚ್ಚುಕಡಿಮೆ ಅರ್ಧ ಬೆಲೆ. ಸಂಗ್ರಾಹಕರು ಅದನ್ನು ಮುಟ್ಟುವುದಿಲ್ಲ. ನುಡಿಸಲೆಂದು ಕೊಳ್ಳುವವರು ಓಡಿಹೋಗಬೇಕಿಲ್ಲ. ಎಳೆಗುಂಟ ಉದ್ದಕ್ಕೆ ಸೀಳಿ, ಒಳ್ಳೆಯ ಅಂಟಿನಿಂದ ಬಿಗಿದು ಕೂತ ಬಿರುಕು ವರ್ಷಗಟ್ಟಲೆ ತಡೆಯುತ್ತದೆ. ಉಗುರಿನಿಂದ ಸವರಿದಾಗ ಮೆಟ್ಟಿಲು ತಾಗಬಾರದು, ಶ್ರುತಿ ಕೂಡಿಸಿ ಅರ್ಧ ಗಂಟೆ ಬಿಟ್ಟು ನೋಡಿದಾಗ ಇಳಿದಿರಬಾರದು. ಅಡ್ಡಕ್ಕೆ ಕತ್ತರಿಸಿದಂತೆ ಮುರಿದದ್ದಾದರೆ ಬೇಡ. ಮುರಿತವನ್ನು ಹೇಳದೆ ಬಣ್ಣ ಬಳಿದು ಮುಚ್ಚಿದವರಿಂದ ಏನನ್ನೂ ಕೊಳ್ಳಬಾರದು.

ಫ್ರೆಟ್ ಸವೆತ ಹಣದ ಪ್ರಶ್ನೆ. ಆದರೆ ಅಂಚಿಗೆ ಬೈಂಡಿಂಗ್ ಇರುವ ಫ್ರೆಟ್‌ಬೋರ್ಡಿಗೆ ಹೊಸ ಫ್ರೆಟ್ ಕೂರಿಸುವುದು ನಯಗಾರಿಕೆಯ ಕೆಲಸ, ಬರಿಯ ಫ್ರೆಟ್‌ಬೋರ್ಡಿಗೆ ತಗಲುವುದಕ್ಕಿಂತ ಹೆಚ್ಚು ಕೂಲಿ ಬೀಳುತ್ತದೆ. ಕೊಳ್ಳುವ ಮೊದಲೇ ಆ ಕೆಲಸ ಬಲ್ಲವರನ್ನು ಕೇಳಿ, ಆ ಮೊತ್ತವನ್ನು ಬೆಲೆಯಲ್ಲಿ ಮುರಿಸಿಕೊಳ್ಳಬೇಕು.

ಸೆಮಿ ಹಾಲೋಗೆ ಮಾತ್ರ ಅಂಟಿದ ಎರಡು ಪರೀಕ್ಷೆಗಳಿವೆ. ಒಂದು, ಕೇಬಲ್ ಚುಚ್ಚುವ ಜ್ಯಾಕ್. 335ರಲ್ಲಿ ಅದು ಮೇಲ್ಹಲಗೆಯ ಮೇಲೆಯೇ ಇದೆ. ಯಾರಾದರೂ ಕೇಬಲ್ ಎಡವಿದರೆ ಆ ಎಳೆತವೆಲ್ಲ ತೆಳು ಪ್ಲೈವುಡ್ಡಿನ ಮೇಲೆ ಬೀಳುತ್ತದೆ. ಜ್ಯಾಕಿನ ಸುತ್ತ ನಕ್ಷತ್ರದಂತೆ ಬಿರುಕು ಕಂಡರೆ ಆ ಗಿಟಾರ್ ವೇದಿಕೆಯಲ್ಲಿ ಒದ್ದಾಡಿದೆ ಎಂದು ಅರ್ಥ. ಇನ್ನೊಂದು, ಒಳಗಿನ ವೈರಿಂಗ್. ಲೆಸ್ ಪಾಲ್ ಗಿಟಾರಿನ ಬೆನ್ನಿಗೆ ಮುಚ್ಚಳವಿದೆ, ನಾಲ್ಕು ಸ್ಕ್ರೂ ತೆಗೆದರೆ ಎಲ್ಲ ಕಾಣುತ್ತದೆ. 335ರ ಬೆನ್ನಿಗೆ ಬಾಗಿಲಿಲ್ಲ. ಒಂದು ಪಾಟ್ ಬದಲಿಸಬೇಕೆಂದರೆ ನಾಲ್ಕು ಪಾಟ್, ಸ್ವಿಚ್, ಜ್ಯಾಕ್ ಇರುವ ಇಡೀ ಸರವನ್ನು ದಾರ ಕಟ್ಟಿ ಎಫ್ ಹೋಲ್ ಮೂಲಕ ಹೊರಗೆಳೆದು, ಅದೇ ದಾರ ಹಿಡಿದು ಒಂದೊಂದನ್ನೇ ಮತ್ತೆ ಅದರ ತೂತಿಗೆ ತರಬೇಕು. ಬಿಡಿಭಾಗಕ್ಕಿಂತ ಕೂಲಿ ದೊಡ್ಡದು. ಆದರೆ ನಾಬ್ ತಿರುಗಿಸಿದಾಗ ಕರಕರ ಎಂದರೆ ಅಂಜಬೇಕಿಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಒಂದು ಪಿಕಪ್ ಸದ್ದೇ ಮಾಡದಿದ್ದರೆ ಲೆಕ್ಕ ಬೇರೆ.

ಸಣ್ಣ ಕನ್ನಡಿ, ಮೊಬೈಲ್ ಟಾರ್ಚ್ ಹಿಡಿದು ಎಫ್ ಹೋಲಿನೊಳಗೆ ನೋಡುವುದನ್ನು ತಪ್ಪಿಸಬಾರದು. ದಿಮ್ಮಿ ಕಾಣಬೇಕು, ಅಂಟು ಬಿಟ್ಟ ಪಟ್ಟಿ ಕಾಣಬಾರದು. ಲೇಬಲ್ ಮೇಲಿನ ಸಂಖ್ಯೆ ಹೆಡ್‌ಸ್ಟಾಕ್ ಹಿಂದಿನ ಸಂಖ್ಯೆಗೆ ಹೊಂದಬೇಕು. 1977ರ ನಂತರದ ಗಿಬ್ಸನ್‌ಗಳಲ್ಲಿ ಸಾಮಾನ್ಯವಾಗಿ ಎಂಟಂಕಿಯ ಸಂಖ್ಯೆ: ಮೊದಲನೆಯ ಮತ್ತು ಐದನೆಯ ಅಂಕಿ ಸೇರಿದರೆ ವರ್ಷ, ನಡುವಿನ ಮೂರು ಅಂಕಿ ವರ್ಷದ ಎಷ್ಟನೆಯ ದಿನ ಎಂಬುದು. ಹೆಡ್‌ಸ್ಟಾಕ್ ಮೇಲಿನ ಟ್ರಸ್ ರಾಡ್ ಮುಚ್ಚಳಕ್ಕೆ ಗಿಬ್ಸನ್ ಹಾಕುವುದು ಎರಡು ಸ್ಕ್ರೂ. ಗಿಬ್ಸನ್ ಎಂದು ಬರೆದು ಮೂರು ಸ್ಕ್ರೂ ಇದ್ದರೆ ಅನುಮಾನಪಡಬೇಕು.

ಇಷ್ಟಾದ ಮೇಲೆ ಆಂಪ್. ಪೆಡಲ್ ಬೇಡ, ರಿವರ್ಬ್ ಬೇಡ. ನೆಕ್ ಪಿಕಪ್ಪಿನಲ್ಲಿ ಮೆತ್ತಗೆ ಒಂದು ಕಾರ್ಡ್, ಬ್ರಿಡ್ಜ್ ಪಿಕಪ್ಪಿನಲ್ಲಿ ಜೋರಾಗಿ ಒಂದು ಸ್ವರ. ಆಮೇಲೆ ಸ್ಪೀಕರಿಗೆ ಎದುರಾಗಿ ನಿಂತು ವಾಲ್ಯೂಮ್ ಏರಿಸುತ್ತಾ ಹೋಗಬೇಕು. ಒಳ್ಳೆಯ ಸೆಮಿ ಹಾಲೋ ಒಂದು ಹಂತದಲ್ಲಿ ಸ್ವರವನ್ನು ತಾನೇ ಎತ್ತಿ ಹಿಡಿಯುತ್ತದೆ, ದೇಹಕ್ಕೆ ಒರಗಿದ ಮೈ ಅದುರುವುದು ಎದೆಗೆ ಗೊತ್ತಾಗುತ್ತದೆ. ಅದಕ್ಕೂ ಮೊದಲೇ ಊಳಿಟ್ಟರೆ ಒಳಗೆ ಏನೋ ಸಡಿಲಾಗಿದೆ.

ಒಂದು ವಸ್ತು ಉಳಿಯಿತು: ಬೆರಳು ಸದಾ ತಾಗುವ ಫ್ರೆಟ್‌ಬೋರ್ಡ್. ಇಲ್ಲಿ ಕತೆ ನಮ್ಮ ಘಟ್ಟಕ್ಕೆ ಬರುತ್ತದೆ.

60ರ ದಶಕದ ನಡುವಿನವರೆಗೆ ಗಿಬ್ಸನ್ ಬಳಸುತ್ತಿದ್ದದ್ದು ಬ್ರೆಜಿಲ್‌ನ ರೋಸ್‌ವುಡ್. ಅದು ಸಿಗುವುದು ಕಷ್ಟವಾದ ಮೇಲೆ ಅಮೆರಿಕದ ಗಿಟಾರ್ ತಯಾರಕರು ಭಾರತದತ್ತ ತಿರುಗಿದರು. ಇಂಡಿಯನ್ ರೋಸ್‌ವುಡ್ ಎಂದು ಅವರು ಬರೆಯುವ ಮರ ನಮ್ಮ ಬೀಟೆ. ಪಶ್ಚಿಮ ಘಟ್ಟದ ಕಾಡಿನ ಮರ, ಮೈಸೂರಿನ ಕುಸುರಿ ಕೆಲಸದವರು ಆನೆಯನ್ನೂ ಅಂಬಾರಿಯನ್ನೂ ಕೂರಿಸುವ ಹಲಗೆಯ ಮರ. ಬ್ರೆಜಿಲ್ ಮರವನ್ನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದ 1992ರಲ್ಲಿ ಅತಿ ಬಿಗಿಯಾದ ಪಟ್ಟಿಗೆ ಸೇರಿಸಿತು. 2017ರಲ್ಲಿ ಬೀಟೆಯ ಬಳಗದ ಉಳಿದೆಲ್ಲ ಮರಗಳೂ ಎರಡನೆಯ ಪಟ್ಟಿಗೆ ಬಂದವು. ಗಿಟಾರ್ ಕಳಿಸುವವರೆಲ್ಲ ಸುಮಾರು ಮೂರು ವರ್ಷ ಕಾಗದಪತ್ರ ಹಿಡಿದು ಪರದಾಡಿದರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲ್ ಮರದವಕ್ಕೆ ಮಾತ್ರ ಸಿಗಲಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು ಊರಿಗೆ ಬರುವಾಗ ಸೆಕೆಂಡ್ ಹ್ಯಾಂಡ್ ಗಿಟಾರ್ ತರುವುದಾದರೆ ಇದನ್ನು ತಿಳಿದಿರಬೇಕು. ಸಂಗ್ರಾಹಕರು ಕೊಂಡಾಡುವ 1958-64ರ ಗಿಟಾರ್ ಮಾರಲೆಂದು ಗಡಿ ದಾಟಲು ಪರವಾನಗಿ ಕೇಳುತ್ತದೆ. ಬೀಟೆ ಹಲಗೆಯ ಗಿಟಾರಿಗೆ ಆ ತೊಂದರೆಯಿಲ್ಲ.

2011ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರಿ ಅಧಿಕಾರಿಗಳು ನ್ಯಾಶ್‌ವಿಲ್, ಮೆಂಫಿಸ್‌ಗಳ ಗಿಬ್ಸನ್ ಕಾರ್ಖಾನೆಗಳಿಗೆ ನುಗ್ಗಿ ಭಾರತದಿಂದ ಬಂದ ಕರಿಮರ ಮತ್ತು ಬೀಟೆಯ ಫ್ರೆಟ್‌ಬೋರ್ಡ್ ತುಂಡುಗಳನ್ನು ವಶಪಡಿಸಿಕೊಂಡರು. ಭಾರತದ ಕಾನೂನು ದಿಮ್ಮಿಯನ್ನು ಹೊರಕಳಿಸಲು ಬಿಡುವುದಿಲ್ಲ. ಆ ಫ್ರೆಟ್‌ಬೋರ್ಡ್ ತುಂಡು ಸಿದ್ಧ ವಸ್ತುವೋ, ಕೊಯ್ದ ಕಚ್ಚಾ ಮರವೋ ಎಂಬುದು ವಿವಾದ. ಮರುವರ್ಷ ರಾಜಿಯಾಯಿತು. ಮಡಗಾಸ್ಕರಿನ ಕರಿಮರದ ವಿಷಯಕ್ಕೆ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿತು, ಭಾರತದ ಮರ ವಾಪಸು ಬಂತು. ಆ ನಡುವಿನ ಕೊರತೆಯಲ್ಲಿ, 2012ರ ಸುಮಾರಿಗೆ, ಗಿಬ್ಸನ್ ತನ್ನ ಕೆಲವು ಗಿಟಾರುಗಳಿಗೆ ಹುರಿದು ಕಪ್ಪಾಗಿಸಿದ ಮೇಪಲ್ ಹಲಗೆ ಹಾಕಿತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅಂಥ ಗಿಟಾರ್ ಕಂಡರೆ ಬೀಟೆಯಲ್ಲವೆಂಬ ಕಾರಣಕ್ಕೇ ಬಿಟ್ಟು ಬರುವವರಿದ್ದಾರೆ. ಅವರು ಒಮ್ಮೆ ಕಣ್ಣು ಮುಚ್ಚಿ ಅದರ ಮೇಲೆ ಬೆರಳು ಓಡಿಸಿ ನೋಡಲಿ.

ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ನಡುವೆ ಬೀಟೆ ನೆರಳಿನ ಮರವಾಗಿ ನಿಂತಿರುತ್ತದೆ, ಅದರ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ತನ್ನದೇ ತೋಟದ ಮರವಾದರೂ ಬೆಳೆಗಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದಕ್ಕೆ ಕೊಡಲಿ ಹಾಕುವಂತಿಲ್ಲ. ಮುಂದಿನ ಸಲ ಹಳೆಯ ಸೆಮಿ ಹಾಲೋ ಒಂದರ ಫ್ರೆಟ್‌ಬೋರ್ಡ್ ಒಣಗಿ ಬಿಳಿಚಿಕೊಂಡಿದ್ದು ಕಂಡರೆ, ತಂತಿ ಬದಲಿಸುವಾಗ ಎರಡು ಹನಿ ಎಣ್ಣೆ ಹಾಕಿ ಬಟ್ಟೆಯಿಂದ ಒರೆಸಿದರೆ ಸಾಕು. ಬೀಟೆಯ ಆ ನೇರಳೆಗಪ್ಪು ಗೆರೆಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ.